ಎಲೆ ಅವರದ್ದು, ಬೆರಳು ನಮ್ಮದು

ಮೂಡುಬಿದಿರೆಯ ಒಂದು ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ, ನಮ್ಮ ವಾಯುಪಡೆ. ಹನ್ನೆರಡು ಮಕ್ಕಳು, ಹನ್ನೆರಡೂ ಭಾಷಣ ಒಂದೇ ಅಚ್ಚಿನಲ್ಲಿ ತೆಗೆದ ಹಂಚಿನ ಹಾಗೆ. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ಮಾತ್ರ ಸ್ವಲ್ಪ ಬೇರೆ ದಾರಿ ಹಿಡಿದಳು. ಬೆಳ್ತಂಗಡಿ ಕಡೆಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುವವಳು. ಅವಳು ನ್ಯಾಟ್ ಎಂಬ ಪುಟ್ಟ ವಿಮಾನದ ಕಥೆ ಹೇಳಿದಳು. ಬ್ರಿಟನ್ನಿನ ಫಾಲೆಂಡ್ ಕಂಪೆನಿ ಮಾಡಿದ್ದು, 1965ರಲ್ಲೂ 1971ರಲ್ಲೂ ಪಾಕಿಸ್ತಾನದ ಸೇಬರ್ ಜೆಟ್ಟುಗಳನ್ನು ಹೊಡೆದು ಬೀಳಿಸಿದ್ದು, ಅದಕ್ಕೇ ‘ಸೇಬರ್ ಹಂತಕ’ ಎಂದು ಹೆಸರು ಬಂದದ್ದು. ಚೆನ್ನಾಗಿ ಹೇಳಿದಳು, ಕೈ ಕೂಡ ನಡುಗಲಿಲ್ಲ.

ಪ್ರಶ್ನೆ ಕೇಳುವ ಸರದಿ ನನ್ನದು. “ಆ ವಿಮಾನ ಎಲ್ಲಿ ಮಾಡಿದ್ದು ಮಗಾ?” ಅಂತ ಕೇಳಿದೆ.

“ಇಂಗ್ಲೆಂಡಲ್ಲಿ ಸರ್.”

“ಎಲ್ಲವೂ?”

ಸುಮ್ಮನಾದಳು. ನಾನು ಎರಡು ಅಂಕ ಕಡಿಮೆ ಮಾಡಿದೆ. ಆ ಎರಡು ಅಂಕಕ್ಕೆ ಅವಳಿಗೆ ಬಹುಮಾನ ತಪ್ಪಿತು.

ಸಂಜೆ ಬಂಟ್ವಾಳಕ್ಕೆ ಬಸ್ಸಿನಲ್ಲಿ ಬರುವಾಗ ಸಮಾಧಾನ ಇರಲಿಲ್ಲ. ಅವಳು ಹೇಳಿದ್ದು ಅವಳ ತಪ್ಪಲ್ಲ. ಪುಸ್ತಕದಲ್ಲಿ, ಪೇಪರಿನ ವಿಶೇಷ ಪುಟದಲ್ಲಿ ಇದ್ದದ್ದನ್ನು ಅವಳು ಬಾಯಿಪಾಠ ಮಾಡಿದ್ದಾಳೆ. ತಪ್ಪು ಇದ್ದರೆ ಆ ಕಥೆ ಕಟ್ಟಿದವರದ್ದು. ಮಾರ್ಕು ಕಡಿಮೆ ಮಾಡಬೇಕಾದ್ದು ಅವರಿಗೆ. ಹಾಗಾಗಿ ಈ ಅಂಕಣವನ್ನು ಆ ಕಥೆಯ ವಿಮರ್ಶೆ ಅಂತ ಓದಿಕೊಳ್ಳಿ.

ನನಗೆ ಇದರಲ್ಲಿ ಎಂತ ಆಸಕ್ತಿ ಅಂದರೆ, ನನ್ನ ದೊಡ್ಡಪ್ಪ ನ್ಯಾಟ್ ಕಟ್ಟಿದವರು. ಬೆಳ್ತಂಗಡಿಯ ತೋಟದ ಮನೆಯಿಂದ ಅರುವತ್ತರ ದಶಕದ ಆರಂಭದಲ್ಲಿ ಚಾರ್ಮಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಿ, ಎಚ್‌ಎಎಲ್‌ನಲ್ಲಿ ಫಿಟ್ಟರ್ ಆದವರು. ಮುರುಗೇಶಪಾಳ್ಯದಲ್ಲಿ ಬಾಡಿಗೆ ಮನೆ. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಬಜ್ಪೆಗೆ ಇಳಿಯುವ ವಿಮಾನದ ಸದ್ದು ಕೇಳಿದರೆ ನಾವೆಲ್ಲ ಅಂಗಳಕ್ಕೆ ಓಡುತ್ತಿದ್ದೆವು. ಅವರು ಕುಳಿತಲ್ಲಿಂದ ಏಳುತ್ತಿರಲಿಲ್ಲ. “ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು, ಒಳಗೆ ಹೋಗಿ ರಿವೆಟ್ ಹೊಡೆದವನಿಗೆ ಗೊತ್ತು” ಅನ್ನುತ್ತಿದ್ದರು.

ಈಗ ಫಾಲೆಂಡ್ ಕಥೆಗೆ ಬರುತ್ತೇನೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹ್ಯಾಂಬಲ್ ಎಂಬ ಹಳ್ಳಿ. ಅಲ್ಲಿ 1936ರಲ್ಲಿ ಬ್ರಿಟಿಷ್ ಮರೀನ್ ಏರ್‌ಕ್ರಾಫ್ಟ್ ಎಂಬ ಕಂಪೆನಿ ಹುಟ್ಟಿತು. ಯಾಕೆ ಹುಟ್ಟಿತು ಗೊತ್ತುಂಟಾ? ಅಮೆರಿಕದ ಸಿಕೋರ್ಸ್ಕಿ ಕಂಪೆನಿಯ ಹಾರುದೋಣಿಯನ್ನು ಲೈಸೆನ್ಸ್ ಪಡೆದು ಬ್ರಿಟನ್ನಿನಲ್ಲಿ ಕಟ್ಟಲಿಕ್ಕೆ! ಬೇರೆಯವರ ನಕ್ಷೆ ತಂದು ಮಾಡುವ ಕೆಲಸ. ಅದು ಕೈಗೂಡಲಿಲ್ಲ. ಮರುವರ್ಷ ಹೆನ್ರಿ ಫಾಲೆಂಡ್ ಬಂದು ಕಂಪೆನಿಗೆ ತನ್ನ ಹೆಸರಿಟ್ಟರು. ಅವರು ಸಾಮಾನ್ಯರಲ್ಲ. ಒಂದನೇ ಮಹಾಯುದ್ಧದ ಎಸ್‌ಇ5, ಆಮೇಲೆ ಗ್ಲಾಸ್ಟರ್ ಕಂಪೆನಿಯ ಗ್ಲಾಡಿಯೇಟರ್ ಇವರ ವಿನ್ಯಾಸಗಳು. ಆದರೆ ಸ್ವಂತ ಹೆಸರಿನ ಕಂಪೆನಿ ಎರಡನೇ ಮಹಾಯುದ್ಧದುದ್ದಕ್ಕೂ ಮಾಡಿದ್ದು ಹೆಚ್ಚಾಗಿ ಪರರ ಬಿಡಿಭಾಗ. ಸ್ಪಿಟ್‌ಫೈರಿನದ್ದು, ಮಾಸ್ಕಿಟೋದ್ದು, ಹೀಗೆ. ಸ್ವಂತದ್ದು ಅಂತ ಹೇಳಲಿಕ್ಕೆ ಎಂಜಿನ್ ಪರೀಕ್ಷೆ ಮಾಡುವ ಒಂದು ವಿಮಾನ, ಅದೂ ಒಂದು ಡಜನ್.

1950ರ ಹೊತ್ತಿಗೆ ಪೆಟ್ಟರ್ ಎಂಬ ಎಂಜಿನಿಯರ್ ಅಲ್ಲಿಗೆ ಬಂದರು. ಲೈಸ್ಯಾಂಡರ್, ಕ್ಯಾನ್‌ಬೆರಾ ವಿಮಾನಗಳ ವಿನ್ಯಾಸಕಾರ. ಅವರ ತಕರಾರು ಸರಳ: ಫೈಟರ್ ವಿಮಾನಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತಿವೆ, ದುಬಾರಿ ಆಗುತ್ತಿವೆ, ಇದಕ್ಕೆ ಕೊನೆ ಎಲ್ಲಿ? ಅರ್ಧ ತೂಕದಲ್ಲಿ ಅದೇ ಕೆಲಸ ಮಾಡಿಸಬಹುದು. ಸರಕಾರದ ಆರ್ಡರ್ ಇಲ್ಲದೆ, ಕಂಪೆನಿಯ ದುಡ್ಡಿನಲ್ಲೇ 1954ರಲ್ಲಿ ಮಿಡ್ಜ್, 1955ರ ಜುಲೈ 18ರಂದು ನ್ಯಾಟ್ ಹಾರಿಸಿದರು. ಎರಡೂ ಹೆಸರಿನ ಅರ್ಥ ನುಸಿಯೇ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಇಪ್ಪತ್ತೆರಡು ಅಡಿ. ನಮ್ಮ ಊರಿನ ಮನೆಯ ಜಗಲಿ ಇದಕ್ಕಿಂತ ಉದ್ದ ಉಂಟು. ಅದರಲ್ಲಿ ಎರಡು 30 ಮಿಲಿಮೀಟರ್ ಫಿರಂಗಿ, ಬ್ರಿಸ್ಟಲ್ ಕಂಪೆನಿಯ ಆರ್ಫಿಯಸ್ ಎಂಜಿನ್, ಒಬ್ಬ ಪೈಲಟ್.

ಬ್ರಿಟನ್ನಿನ ವಾಯುಪಡೆ ಇದನ್ನು ಫೈಟರ್ ಆಗಿ ಕೊಳ್ಳಲಿಲ್ಲ. ಎರಡು ಸೀಟಿನ ತರಬೇತಿ ವಿಮಾನವಾಗಿ ಕೊಂಡಿತು. ಅವರ ರೆಡ್ ಆ್ಯರೋಸ್ ಕಸರತ್ತಿನ ತಂಡ 1979ರವರೆಗೆ ಅದನ್ನೇ ಹಾರಿಸಿತು. ಫಿನ್ಲೆಂಡ್ ಒಂದು ಡಜನ್‌ನಷ್ಟು ಕೊಂಡಿತು, ಯುಗೋಸ್ಲಾವಿಯ ಎರಡು. ಫೈಟರ್ ಆಗಿ ಅದನ್ನು ನೆಚ್ಚಿದ್ದು ಭಾರತ. 1956ರಲ್ಲಿ ಒಪ್ಪಂದ ಆಯಿತು: ಕೆಲವು ಸಿದ್ಧ ವಿಮಾನ, ಕೆಲವು ಬಿಡಿಭಾಗಗಳ ಕಟ್ಟು, ಜತೆಗೆ ಬೆಂಗಳೂರಿನಲ್ಲಿ ಮಾಡುವ ಲೈಸೆನ್ಸ್.

ಇಲ್ಲಿಂದ ಮುಂದೆ ನಾನು ಓದಿದ ಬಹುಪಾಲು ಇಂಗ್ಲಿಷ್ ಬರಹಗಳು ಬೇರೆ ದಾರಿ ಹಿಡಿಯುತ್ತವೆ. 1959ರಲ್ಲಿ ಫಾಲೆಂಡ್ ಹಾಕರ್ ಸಿಡ್ಲಿ ಗುಂಪಿನ ಹೊಟ್ಟೆಗೆ ಹೋಯಿತು. ಪೆಟ್ಟರ್ ಬೇಸರದಿಂದ ಕೆಲಸ ಬಿಟ್ಟು, ವಿಮಾನದ ಸಹವಾಸವನ್ನೇ ಬಿಟ್ಟು, ಸ್ವಿಟ್ಜರ್ಲೆಂಡಿನ ಒಂದು ಧಾರ್ಮಿಕ ಸಮುದಾಯ ಸೇರಿದರು. ನಾಲ್ಕು ವರ್ಷದಲ್ಲಿ ಫಾಲೆಂಡ್ ಎಂಬ ಹೆಸರೂ ಹೋಯಿತು. ಕಥೆ ಮುಗಿಯಿತು, ಪ್ರತಿಭಾವಂತನೊಬ್ಬನ ದುರಂತ, ಸಣ್ಣ ಕಂಪೆನಿಯೊಂದರ ಅವಸಾನ. ಓದುವಾಗ ಗಂಟಲು ಕಟ್ಟುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹ್ಯಾಂಬಲ್‌ನಲ್ಲಿ ಆ ಕಥೆ ಮುಗಿದ ವರ್ಷವೇ, 1959ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ನ್ಯಾಟ್ ಹಾರಿತು. 1962ರಲ್ಲಿ ಇಲ್ಲೇ ಮಾಡಿದ ಬಿಡಿಭಾಗಗಳಿಂದ ಕಟ್ಟಿದ್ದು ಹಾರಿತು. 1974ರವರೆಗೆ ನೂರೈವತ್ತಕ್ಕೂ ಹೆಚ್ಚು ನ್ಯಾಟ್‌ಗಳು ಆ ಶೆಡ್ಡಿನಿಂದ ಹೊರಬಿದ್ದವು. ಒಂಟಿ ಸೀಟಿನ ನ್ಯಾಟ್ ಫೈಟರ್‌ಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಹ್ಯಾಂಬಲ್‌ನಲ್ಲಿ ಅಲ್ಲ, ವಿಮಾನಪುರದಲ್ಲಿ. ಅವರ ಪುಸ್ತಕದಲ್ಲಿ ನಾವು ‘ಗಿರಾಕಿ’. ಕೊನೆಯ ಪುಟದ ಕೋಷ್ಟಕದಲ್ಲಿ ಒಂದು ಸಾಲು.

ಅವರನ್ನು ಬೈದರೆ ಸಾಕಾ? ನಮ್ಮವರ ಕಥೆ ನೋಡಿ. ನಮ್ಮಲ್ಲಿ ನ್ಯಾಟ್ ಅಂದರೆ ಪೈಲಟ್. ಟ್ರೆವರ್ ಕೀಲರ್, 1965ರ ಸೆಪ್ಟೆಂಬರ್ 3. ಬೊಯ್ರಾ, 1971ರ ನವೆಂಬರ್ 22. ಶ್ರೀನಗರದ ಆಕಾಶದಲ್ಲಿ ಒಬ್ಬರೇ ಹೋರಾಡಿ ಪ್ರಾಣ ಬಿಟ್ಟ ನಿರ್ಮಲ್‌ಜಿತ್ ಸಿಂಗ್ ಸೆಖೋನ್, 1971ರ ಡಿಸೆಂಬರ್ 14. ಇವತ್ತಿಗೂ ವಾಯುಪಡೆಗೆ ಸಿಕ್ಕಿದ ಒಂದೇ ಒಂದು ಪರಮವೀರ ಚಕ್ರ ಅವರದ್ದು. ಇದೆಲ್ಲ ಹೇಳಬೇಕಾದ್ದೇ. ನೂರು ಸಲ ಹೇಳಿ. ಆದರೆ ಹೇಳುವ ರೀತಿಯಲ್ಲಿ ಎರಡು ಕಳ್ಳತನ ಉಂಟು.

ಒಂದು, ಸೋಲನ್ನು ಬಚ್ಚಿಡುವುದು. ಅದೇ 1965ರಲ್ಲಿ ನಮ್ಮ ಒಂದು ನ್ಯಾಟ್ ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿದು ಅವರ ಕೈಗೆ ಸಿಕ್ಕಿತು. ಅದು ಈಗಲೂ ಕರಾಚಿಯ ವಾಯುಪಡೆ ಮ್ಯೂಸಿಯಂನಲ್ಲಿ ನಿಂತಿದೆ. ಆ ವಿಮಾನಕ್ಕೆ ಹೈಡ್ರಾಲಿಕ್ಸ್‌ನ ತೊಂದರೆ, ಬಾಲದ ನಿಯಂತ್ರಣದ ತೊಂದರೆ ವರ್ಷಗಟ್ಟಲೆ ಇತ್ತು. ಹಾರಿಸುವವನಿಗೆ ಶತ್ರುವಿನಷ್ಟೇ ತನ್ನ ವಿಮಾನದ ಮೇಲೂ ಕಣ್ಣಿರಬೇಕಿತ್ತು. ಇದನ್ನು ಹೇಳಿದರೆ ಪೈಲಟ್ಟಿನ ಧೈರ್ಯ ಹೆಚ್ಚಾಗುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ. ಆದರೂ ಹೇಳುವುದಿಲ್ಲ.

ಎರಡು, ಶೆಡ್ಡನ್ನು ಬಚ್ಚಿಡುವುದು. ವಿಮಾನ ಆಕಾಶದಲ್ಲೇ ಹುಟ್ಟಿದ ಹಾಗೆ ಬರೆಯುತ್ತಾರೆ. ಇಂಗ್ಲೆಂಡಿನವರಿಗೆ ವಿನ್ಯಾಸಕಾರ ಒಬ್ಬನೇ ನಾಯಕ, ನಮಗೆ ಪೈಲಟ್ ಒಬ್ಬನೇ. ನಡುವೆ ಇರುವ ಸಾವಿರಾರು ಕೈಗಳು ಎರಡೂ ಕಥೆಯಲ್ಲಿ ಇಲ್ಲ. ಆ ಹುಡುಗಿಗೆ ‘ಎಲ್ಲಿ ಮಾಡಿದ್ದು’ ಅಂತ ಕೇಳಿದಾಗ ಅವಳು ಉತ್ತರ ಎಲ್ಲಿಂದ ತರಬೇಕು?

ದೊಡ್ಡಪ್ಪ ಆ ಶೆಡ್ಡಿನ ಸಂಗತಿ ಚೂರುಚೂರಾಗಿ ಹೇಳುತ್ತಿದ್ದರು. ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಹೊರಗಿನವನ ಕೈಯಲ್ಲಿ ರಿವೆಟ್ ಗನ್ನು, ಒಳಗಿನವನ ಕೈಯಲ್ಲಿ ಡಾಲಿ ಎಂಬ ಕಬ್ಬಿಣದ ಗಟ್ಟಿ. ಹೊರಗಿನವ ಹೊಡೆಯುವಾಗ ಒಳಗಿನವ ಗಟ್ಟಿಯನ್ನು ಸರಿಯಾಗಿ ಒತ್ತಿ ಹಿಡಿಯದಿದ್ದರೆ ರಿವೆಟ್ ವಾಲುತ್ತದೆ, ತಗಡು ತಗ್ಗುತ್ತದೆ, ಆ ಭಾಗ ಇನ್‌ಸ್ಪೆಕ್ಷನ್ನಿನಲ್ಲಿ ಬಿದ್ದುಹೋಗುತ್ತದೆ. ನ್ಯಾಟ್ ಸಣ್ಣದು, ಅದರ ಸಂದಿಗೆ ಕೈ ಹೋಗಬೇಕಾದರೆ ಕೈಯೂ ಸಣ್ಣದಿರಬೇಕು. ದೊಡ್ಡಪ್ಪನದ್ದು ಕಡ್ಡಿ ಶರೀರ, ಹಾಗಾಗಿ ಯಾವಾಗಲೂ ಒಳಗಿನ ಕೆಲಸ. ದೇಶ ಆಗಷ್ಟೇ ಮೀಟರ್, ಕಿಲೋಗ್ರಾಮಿಗೆ ಬದಲಾಗಿತ್ತು. ಆದರೆ ನಕ್ಷೆ ಇಂಗ್ಲೆಂಡಿನದ್ದು, ಅದರಲ್ಲಿ ಇಂಚು. ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ‘ಥೌ’ ಅನ್ನುತ್ತಿದ್ದರಂತೆ. ಊರಿನಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಗೆ ಉಪ್ಪು ಹೆಚ್ಚಾದರೆ ದೊಡ್ಡಪ್ಪ “ಎರಡು ಥೌ ಹೆಚ್ಚಾಯ್ತು” ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ದೊಡ್ಡಮ್ಮ ನಗುತ್ತಿರಲಿಲ್ಲ.

ಬಂಟ್ವಾಳದಲ್ಲಿ ನನ್ನ ಅಜ್ಜಿಮನೆ. ಅಲ್ಲಿ ಚಿಕ್ಕಮ್ಮಂದಿರು ಬೀಡಿ ಕಟ್ಟುತ್ತಿದ್ದರು. ನಮ್ಮ ಮೂರೂ ತಾಲೂಕಿನಲ್ಲಿ ಬೀಡಿಯಿಂದ ಮಕ್ಕಳ ಫೀಸು ಕಟ್ಟದ ಮನೆ ಲೆಕ್ಕಕ್ಕೆ ಸಿಗುವುದು ಕಷ್ಟ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ತಗಡಿನ ಅಳತೆ ಇಟ್ಟು ಎಲೆ ಕತ್ತರಿಸುವುದು. ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಸುತ್ತುವುದು, ಕಟ್ಟು ಮಾಡಿ ಬ್ರಾಂಚಿಗೆ ಒಪ್ಪಿಸುವುದು. ಅಲ್ಲಿ ಕೆಲವು ಬೀಡಿ ಬದಿಗೆ ಬೀಳುತ್ತದೆ, ಉಳಿದದ್ದು ಹೋಗುತ್ತದೆ, ಇನ್ನೆಲ್ಲೋ ಲೇಬಲ್ ಬೀಳುತ್ತದೆ. ದೊಡ್ಡಪ್ಪ ಒಮ್ಮೆ ಅಲ್ಲಿಗೆ ಬಂದವರು ಬಹಳ ಹೊತ್ತು ಚಿಕ್ಕಮ್ಮನ ಕೈಯನ್ನೇ ನೋಡುತ್ತ ಕುಳಿತಿದ್ದರು. ಆಮೇಲೆ ಆ ತಗಡಿನ ಅಳತೆ ಕೈಯಲ್ಲಿ ಹಿಡಿದು, “ಇದೇ ಮಾರಾಯ, ನಮ್ಮಲ್ಲಿ ಇದಕ್ಕೆ ಜಿಗ್ ಅಂತಾರೆ. ನಮ್ಮದೂ ಬೀಡಿ ಕಟ್ಟುವ ಕೆಲಸವೇ. ಎಲೆ ಅವರದ್ದು, ಬೆರಳು ನಮ್ಮದು” ಅಂದರು.

ಈ ಮಾತನ್ನು ನಾನು ಬಹಳ ಕಾಲ ಹೆಮ್ಮೆಯ ಮಾತು ಅಂತ ತಿಳಿದಿದ್ದೆ. ಈಗ ಹಾಗನಿಸುವುದಿಲ್ಲ. ಅದರಲ್ಲಿ ಹೆಮ್ಮೆಯೂ ಉಂಟು, ದೂರೂ ಉಂಟು. ಇಲ್ಲಿಯೇ ನನಗೆ ನಮ್ಮ ‘ಸ್ವದೇಶಿ’ ಕಥೆಯ ಮೇಲೂ ತಕರಾರು ಇರುವುದು. ಯಾಕೆಂದರೆ ಶೆಡ್ಡನ್ನು ನೆನಪಿಸುವವರು ಕೆಲವರು ಇದ್ದಾರೆ. ಅವರು ‘ನಮ್ಮಲ್ಲೇ ಮಾಡಿದ್ದು’ ಅಂತ ಎದೆ ತಟ್ಟಿ ಅಲ್ಲಿಗೆ ನಿಲ್ಲಿಸುತ್ತಾರೆ. ಎಲೆ ಯಾರದ್ದು ಅಂತ ಕೇಳುವುದಿಲ್ಲ.

ಎಲೆಯ ಕಥೆ ಕೇಳಿ. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಯುದ್ಧ ಬಂತು, ಸರಕಾರ ವಹಿಸಿಕೊಂಡಿತು, ಅಮೆರಿಕನ್ನರ ವಿಮಾನಗಳ ದುರಸ್ತಿ ಕೇಂದ್ರ ಆಯಿತು. ಸ್ವಾತಂತ್ರ್ಯದ ನಂತರ ಬ್ರಿಟಿಷ್ ಕಂಪೆನಿಗಳ ಮೆರವಣಿಗೆ: ಪರ್ಸಿವಲ್‌ನ ಪ್ರೆಂಟಿಸ್, ಡಿ ಹ್ಯಾವಿಲೆಂಡ್‌ನ ವ್ಯಾಂಪೈರ್, ಆಮೇಲೆ ಫಾಲೆಂಡ್. ಅದರ ನಡುವೆಯೇ ವಿ. ಎಂ. ಘಾಟಗೆಯವರ ತಂಡ ಎಚ್‌ಟಿ-2 ಎಂಬ ಸ್ವಂತ ತರಬೇತಿ ವಿಮಾನ ಮಾಡಿ 1951ರಲ್ಲಿ ಹಾರಿಸಿತು. ಅಂದರೆ ವಿನ್ಯಾಸ ಮಾಡುವ ತಲೆ ಇಲ್ಲದೆ ಲೈಸೆನ್ಸಿಗೆ ಹೋದದ್ದಲ್ಲ.

ನ್ಯಾಟ್ ಒಪ್ಪಂದ ಆದ ವರ್ಷವೇ, 1956ರಲ್ಲಿ, ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರು ಮತ್ತು ನಮ್ಮ ಎಂಜಿನಿಯರುಗಳು ಸೇರಿ ಮಾಡಿದ ‘ಮರುತ್’ 1961ರ ಜೂನ್ 17ರಂದು ಹಾರಿತು. ನೋಡಲಿಕ್ಕೆ ಬಾಣದಂಥ ವಿಮಾನ. ಅದಕ್ಕೆ ಹಾಕಿದ್ದು ಯಾವ ಎಂಜಿನ್? ನ್ಯಾಟ್‌ನದ್ದೇ, ಆರ್ಫಿಯಸ್, ಎರಡು. ತಾತ್ಕಾಲಿಕವಾಗಿ ಅಂತ. ಹೆಚ್ಚು ಬಲದ ಆರ್ಫಿಯಸ್ ಒಂದನ್ನು ಬ್ರಿಸ್ಟಲ್‌ನವರು ಮಾಡುವುದರಲ್ಲಿದ್ದರು. ಬ್ರಿಟಿಷ್ ಸರಕಾರ ಅದಕ್ಕೆ ದುಡ್ಡು ಹಾಕುವುದಿಲ್ಲ ಅಂದಿತು. ಅಭಿವೃದ್ಧಿಯ ಖರ್ಚು ಭಾರತ ಕೊಡುತ್ತದಾ ಅಂತ ಕೇಳಿದರು. ನಾವೂ ಕೊಡಲಿಲ್ಲ. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ ಹಾಕಿ ನೋಡಲಿಕ್ಕೆ ಒಂದು ಮರುತ್ ಅಲ್ಲಿಗೂ ಹೋಯಿತು. ಅದೂ ದಡ ಸೇರಲಿಲ್ಲ. ಮರುತ್ ಕೊನೆಯವರೆಗೂ ತಾತ್ಕಾಲಿಕ ಎಂಜಿನ್ನಿನಲ್ಲೇ ಹಾರಿತು. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಯುದ್ಧವನ್ನೂ ಮಾಡಿತು. ಶಬ್ದದ ವೇಗದ ಎರಡು ಪಟ್ಟು ಎಂಬ ಗುರಿಯಿಂದ ಹೊರಟದ್ದು ಶಬ್ದದ ಹತ್ತಿರಕ್ಕೆ ಹೋಗಿ ನಿಂತಿತು. ಆರ್ಫಿಯಸ್ ಎಂಜಿನನ್ನೂ ಬೆಂಗಳೂರಿನಲ್ಲೇ ಲೈಸೆನ್ಸಿನಲ್ಲಿ ಮಾಡುತ್ತಿದ್ದರು ಅನ್ನುವುದನ್ನು ಮರೆಯಬೇಡಿ. ಎಂಜಿನ್ ಮಾಡುವ ಕೈ ಇತ್ತು. ಅದನ್ನು ಇನ್ನಷ್ಟು ಬಲವಾಗಿ ಮಾಡುವ ವಿದ್ಯೆ ಲೈಸೆನ್ಸಿನ ಕಾಗದದಲ್ಲಿ ಬಂದಿರಲಿಲ್ಲ.

ಬೀಡಿಯ ಹೋಲಿಕೆ ಇಲ್ಲಿ ನಿಲ್ಲುತ್ತದೆ, ಇಲ್ಲಿಯೇ ಮುರಿಯುತ್ತದೆ ಕೂಡ. ಬೀಡಿ ಕಟ್ಟುವ ಚಿಕ್ಕಮ್ಮ ನಲುವತ್ತು ವರ್ಷ ಕಟ್ಟಿದರೂ ಬೀಡಿಯ ಅಳತೆ ಬದಲಿಸುವ ಹಕ್ಕು ಅವಳಿಗೆ ಬರುವುದಿಲ್ಲ. ಆದರೆ ಬೆಂಗಳೂರಿನ ಶೆಡ್ಡು ಬದಲಿಸಿತು. ನ್ಯಾಟ್‌ನ ಕಾಯಿಲೆಗಳ ಪಟ್ಟಿ ಹಿಡಿದು, ರೆಕ್ಕೆಯ ಒಳಗೇ ಇಂಧನ ತುಂಬುವ ಹಾಗೆ ಮಾಡಿ, ಬಾಲದ ನಿಯಂತ್ರಣವನ್ನೂ ಹೈಡ್ರಾಲಿಕ್ಸನ್ನೂ ತಿದ್ದಿ, ‘ಅಜೀತ್’ ಎಂಬ ಹೊಸ ವಿಮಾನ ಮಾಡಿದರು. ಫಾಲೆಂಡ್ ಎಂಬ ಹೆಸರು ಇಂಗ್ಲೆಂಡಿನಲ್ಲಿ ಅಳಿಸಿಹೋಗಿ ಹನ್ನೆರಡು ವರ್ಷ ಆದ ಮೇಲೆ, 1975ರ ಮಾರ್ಚ್‌ನಲ್ಲಿ, ಅಜೀತ್ ಹಾರಿತು. ನನ್ನ ಮಟ್ಟಿಗೆ ಫಾಲೆಂಡ್ ಕಂಪೆನಿಯ ಚರಿತ್ರೆಯ ಕೊನೆಯ ಅಧ್ಯಾಯ ಇದು, ಮತ್ತು ಇದನ್ನು ಬರೆದವರು ಬೆಂಗಳೂರಿನವರು. ಯಾವ ಭಾಷಣದಲ್ಲೂ ನಾನು ಈ ಅಧ್ಯಾಯ ಕೇಳಿಲ್ಲ.

ಆದರೆ ಇದನ್ನೂ ಎದೆ ತಟ್ಟಿಕೊಳ್ಳಲು ಬಳಸಬಾರದು. 1950ರ ದಶಕದ ವಿಮಾನವನ್ನು 1970ರ ದಶಕದ ಕೊನೆಗೆ ಸರಿ ಮಾಡಿದ್ದು ತಡ. ಅಷ್ಟರಲ್ಲಿ ಆಕಾಶ ಬದಲಾಗಿತ್ತು. 1991ಕ್ಕೆ ಅಜೀತ್ ನಿವೃತ್ತಿ ಆಯಿತು. ಕೈ ಕಲಿತದ್ದನ್ನು ತಲೆಗೆ ದಾಟಿಸಲು ಇಪ್ಪತ್ತು ವರ್ಷ ತೆಗೆದುಕೊಂಡೆವು. ಇವತ್ತಿನ ತೇಜಸ್ ನಮ್ಮದೇ ವಿನ್ಯಾಸ, ಸಂತೋಷ. ಎಂಜಿನ್ ಅಮೆರಿಕದ್ದು. ಮರುತ್‌ನ ಪ್ರಶ್ನೆ ಇನ್ನೂ ಹಾಗೆಯೇ ನಿಂತಿದೆ.

ಬಂಟ್ವಾಳದ ತುಳು ಬದುಕು ವಸ್ತುಸಂಗ್ರಹಾಲಯಕ್ಕೆ ಹೋದರೆ ಅಡುಗೆಯ, ಬೇಸಾಯದ ಹಳೆ ಸಾಮಾನುಗಳನ್ನು ಹೆಸರು ಸಮೇತ ಜೋಪಾನವಾಗಿ ಇಟ್ಟಿದ್ದಾರೆ. ಧರ್ಮಸ್ಥಳದಲ್ಲಿ ಹಳೆ ಕಾರುಗಳ ದೊಡ್ಡ ಸಂಗ್ರಹ ಉಂಟು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮರುತ್, ಅಜೀತ್ ಎಲ್ಲ ನಿಂತಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ. ವಸ್ತು ಉಳಿಸಲು ನಮಗೆ ಬರುತ್ತದೆ. ಅದನ್ನು ಮಾಡಿದವನ ಮಾತು ಉಳಿಸಲು ಬರುವುದಿಲ್ಲ. ಬೇರೆಯವರನ್ನು ಯಾಕೆ ದೂರಲಿ, ನನ್ನನ್ನೇ ನೋಡಿ. ದೊಡ್ಡಪ್ಪ ನಿವೃತ್ತರಾಗಿ ಬೆಳ್ತಂಗಡಿಗೆ ಬಂದು ಅಡಿಕೆ ತೋಟ ನೋಡಿಕೊಂಡು ಹದಿನಾಲ್ಕು ವರ್ಷ ಇದ್ದರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಅಡಿಕೆ ರೇಟು ಮಾತಾಡಿದೆವು, ಕೊಳೆರೋಗ ಮಾತಾಡಿದೆವು. ಮರುತ್‌ನ ಎಂಜಿನ್ ಬಗ್ಗೆ ಶೆಡ್ಡಿನಲ್ಲಿ ಜನ ಎಂತ ಹೇಳುತ್ತಿದ್ದರು, ಅಜೀತ್‌ನ ರೆಕ್ಕೆ ಮೊದಲು ಜೋಡಿಸಿದಾಗ ಎಲ್ಲಿ ಕೈಕೊಟ್ಟಿತು, ಅಂತ ಒಂದು ದಿನವೂ ಕೇಳಲಿಲ್ಲ. ಈಗ ಅವರ ಪೆಟ್ಟಿಗೆಯಲ್ಲಿ ಒಂದು ಮೈಕ್ರೋಮೀಟರ್ ಉಂಟು, ಇಂಚಿನದ್ದು. ಮಾತಾಡಲು ಅವರಿಲ್ಲ. ನಾನು ಮಾಡಬೇಕಾದ ಕೆಲಸ ಮಾಡದೆ, ಹದಿಮೂರು ವರ್ಷದ ಹುಡುಗಿಗೆ ಎರಡು ಮಾರ್ಕು ಕಡಿದೆ.

ಮುಂದಿನ ವಾರ ಆ ಶಾಲೆಗೆ ಮತ್ತೆ ಹೋದೆ. ಮೈಕ್ರೋಮೀಟರನ್ನೂ ಕಿಸೆಯಲ್ಲಿ ಹಾಕಿಕೊಂಡು ಹೋಗಿದ್ದೆ. ಟೀಚರ ಎದುರೇ ಹುಡುಗಿಗೆ ಹೇಳಿದೆ, ನಿನ್ನ ಉತ್ತರ ಪೂರ್ತಿ ತಪ್ಪಲ್ಲ, ಕೆಲವು ಹ್ಯಾಂಬಲ್‌ನಿಂದಲೇ ಬಂದದ್ದು, ಉಳಿದವು ಬೆಂಗಳೂರಿನಲ್ಲಿ ಮಾಡಿದ್ದು, ಅದರಲ್ಲಿ ನಿಮ್ಮ ಊರಿನವರ ಕೈಯೂ ಇತ್ತು. ಅವಳು ಮೈಕ್ರೋಮೀಟರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು:

“ಹಾಗಾದ್ರೆ ಸರ್, ಬೆಂಗಳೂರಲ್ಲಿ ಅಷ್ಟು ಮಾಡಿದ ಮೇಲೆ ನಕ್ಷೆ ಯಾಕೆ ಅವರದ್ದೇ ಬೇಕಾಯ್ತು?”

ಸ್ಪರ್ಧೆಯಲ್ಲಿ ತೀರ್ಪುಗಾರರು ಕೇಳಬೇಕಾಗಿದ್ದ ಪ್ರಶ್ನೆ ಅದು. ನಾನು ಮರುತ್‌ನಿಂದ ಶುರು ಮಾಡಿದೆ. ಬೆಲ್ ಹೊಡೆಯಿತು, ಅರ್ಧಕ್ಕೆ ನಿಂತಿತು. ಉಳಿದದ್ದನ್ನು ಬರೆದು ಕೊಡುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದೆ. ಅದು ಇದು.